ವಿಯೆಟ್ನಾಂ ಮೆಣಸು, ನಮ್ಮ ಸ್ಪ್ರಿಂಕ್ಲರ್: ಯಾರ ಸಬ್ಸಿಡಿ ಅನ್ಯಾಯ?

ನಾಪೋಕ್ಲು ಬಳ್ಳಿ

ಮೆಣಸು ಕುಯ್ಲು ಮುಗಿಯಿತು. ಈ ಸಲ ಏಣಿ ಹತ್ತುವವರು ಸಿಗುವುದೇ ಕಷ್ಟವಾಯಿತು, ಅದು ಬೇರೆ ಕಥೆ. ಮೊನ್ನೆ ಸ್ಯಾಂಪಲ್ ಹಿಡಿದುಕೊಂಡು ಗೋಣಿಕೊಪ್ಪಕ್ಕೆ ಹೋಗಿದ್ದೆ. ವ್ಯಾಪಾರಿ ನಾಲ್ಕು ಕಾಳು ಅಂಗೈಯಲ್ಲಿ ಉಜ್ಜಿದ, ಒಂದನ್ನು ಬಾಯಿಗೆ ಹಾಕಿಕೊಂಡ. "ಮಾಲು ಚೆನ್ನಾಗಿದೆ. ಆದರೆ ಹೊರಗಿನದು ಇದಕ್ಕಿಂತ ಕಮ್ಮಿಗೆ ಬರುತ್ತಿದೆಯಲ್ಲ ಅಣ್ಣಾ" ಅಂದ. ಪ್ರತಿ ವರ್ಷ ಇದೇ ಮಾತು. ಮಾಲು ಚೆನ್ನಾಗಿರುವುದು ನನ್ನದೇ ತಪ್ಪೇನೋ ಅನ್ನುವ ಹಾಗೆ ಹೇಳುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ವಿಯೆಟ್ನಾಂ ಸರ್ಕಾರ ಅಲ್ಲಿನ ರೈತರಿಗೆ ಸಬ್ಸಿಡಿ ಕೊಡುತ್ತದೆ, ಅದಕ್ಕೇ ಅವರು ಅಷ್ಟು ಅಗ್ಗಕ್ಕೆ ಮಾರುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ನಮ್ಮ ದೇಶ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ, ಅದೇ ಡಬ್ಲ್ಯುಟಿಒದಲ್ಲಿ, ಕೇಸ್ ಹಾಕಬಾರದೇ? ಅನ್ಯಾಯದ ಸಬ್ಸಿಡಿ ತಡೆಯಲೆಂದೇ ಅಲ್ವಾ ಅದು ಇರುವುದು? ನಾನು ಆರು ಎಕರೆಯವನು, ಕಾನೂನು ಗೊತ್ತಿಲ್ಲ. ಗೊತ್ತಿದ್ದವರು ಹೇಳಿ.

ಸಿದ್ದಾಪುರ ಸಿಲ್ವರ್

ಹಾಕಲೇಬೇಕು. ಆದರೆ ಹಾಕುವುದಿಲ್ಲ. ದೆಹಲಿಯವರಿಗೆ ಮೆಣಸು ಎಂದರೆ ಊಟದ ಮೇಜಿನ ಮೇಲಿನ ಡಬ್ಬಿ.

ಸುಂಟಿಕೊಪ್ಪದಕ್ಕ

ಬಳ್ಳಿ ಅಣ್ಣ, ನಿಮ್ಮ ಸಿಟ್ಟು ನನಗೂ ಇದೆ. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಸೆಟ್ಟು ತಗೊಂಡದ್ದು ಸಬ್ಸಿಡಿಯಲ್ಲೇ. ಹಳೇ ರೋಬಸ್ಟಾ ಕಾಫಿ ಕಿತ್ತು ಹೊಸ ಗಿಡ ಹಾಕಿದ್ದಕ್ಕೂ ಬಂತು. 45 ಕಿಲೋ ಯೂರಿಯಾ ಚೀಲಕ್ಕೆ ನಾವು ಕೊಡುವುದು 266 ರೂಪಾಯಿ 50 ಪೈಸೆ. ಅದರ ನಿಜವಾದ ಬೆಲೆ ಎಷ್ಟು ಪಟ್ಟು ಎಂದು ಯಾರಾದರೂ ಯೋಚನೆ ಮಾಡುತ್ತೀವಾ? ಭತ್ತದವರಿಗೆ ಪಂಪಿನ ಕರೆಂಟು ಬಿಟ್ಟಿ, ಕಾಫಿಯವರಿಗೆ ಮಾತ್ರ ಯಾಕೆ ಬಿಲ್ಲು ಎಂದು ನಾವೇ ಎಷ್ಟು ವರ್ಷ ಗಲಾಟೆ ಮಾಡಿದೆವು.

ನಾವು ತಗೊಂಡರೆ ಸಹಾಯಧನ, ಅವರು ತಗೊಂಡರೆ ಅನ್ಯಾಯ. ಇದು ಹೇಗೆ?

ಹಳೇ ಕಸ್ಟಮ್ಸ್

ನಾನು ಮಂಗಳೂರಿನಲ್ಲಿ ಕಸ್ಟಮ್ಸ್ ಏಜೆಂಟರ ಆಫೀಸಿನಲ್ಲಿ ಬಿಲ್ ಆಫ್ ಎಂಟ್ರಿ, ಎಂದರೆ ಆಮದು ಮಾಲಿನ ಕಾಗದ, ತುಂಬಿಸುತ್ತಾ ಮೂವತ್ತು ವರ್ಷ ಕಳೆದವನು. ಈಗ ಕುಶಾಲನಗರದಲ್ಲಿ ಮೊಮ್ಮಕ್ಕಳ ಜೊತೆ ಇದ್ದೇನೆ. ಈ ಮಾತು ಕೇಳಿ ಕೇಳಿ ಸಾಕಾಗಿದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ನಾವು ಮೂರು ಬೇರೆ ಬೇರೆ ದೂರುಗಳನ್ನು ಒಂದೇ ಚೀಲಕ್ಕೆ ತುಂಬುತ್ತಿದ್ದೇವೆ. ಬೇರೆ ದೇಶದ ಸರ್ಕಾರ ದುಡ್ಡು ಕೊಟ್ಟು ಮಾಲನ್ನು ಅಗ್ಗ ಮಾಡಿದರೆ ಅದು ಸಬ್ಸಿಡಿ. ಅಲ್ಲಿನ ಕಂಪನಿಯೇ ತನ್ನ ಊರಿನ ಬೆಲೆಗಿಂತ ಕಡಿಮೆಗೆ ಇಲ್ಲಿ ಸುರಿದರೆ ಅದು ಡಂಪಿಂಗ್. ಅಲ್ಲಿ ಸರ್ಕಾರದ ಕೈ ಇರಬೇಕೆಂದೇನೂ ಇಲ್ಲ. ಮೂರನೆಯದು, ಒಂದು ದೇಶದ ಮಾಲು ಇನ್ನೊಂದು ದೇಶದ ಹೆಸರು ಹೇಳಿಕೊಂಡು ಬರುವುದು. ಅದು ಬರೀ ಸುಳ್ಳು. ಅದಕ್ಕೆ ಡಬ್ಲ್ಯುಟಿಒ ಇರುವ ಜಿನೀವಾ ಬೇಡ, ನಮ್ಮ ಕಸ್ಟಮ್ಸ್‌ನವರೇ ಸಾಕು. ಅವರು ಮನಸ್ಸು ಮಾಡಿದರೆ.

ನಮ್ಮ ಮೆಣಸಿಗೆ ಜಾಸ್ತಿ ಏಟು ಕೊಟ್ಟದ್ದು ಮೂರನೆಯದು. ಲೆಕ್ಕ ನೋಡಿ. ಮಾಮೂಲಿ ಆಮದು ಸುಂಕ ಶೇಕಡಾ 70. ವಿಯೆಟ್ನಾಂ ಸೇರಿದ ಆಗ್ನೇಯ ಏಷ್ಯಾ ದೇಶಗಳ ಜೊತೆಗಿನ ಆಸಿಯಾನ್ ಒಪ್ಪಂದ 2010ರ ಜನವರಿಯಲ್ಲಿ ಜಾರಿಗೆ ಬಂದಾಗ ಮೆಣಸನ್ನು ವಿಶೇಷ ಪಟ್ಟಿಯಲ್ಲಿಟ್ಟು, ಸುಂಕವನ್ನು ನಿಧಾನವಾಗಿ 50ಕ್ಕೆ ಇಳಿಸುವುದೆಂದು ಮಾತಾಯಿತು. ಎಂದರೆ ವಿಯೆಟ್ನಾಂನಿಂದ ನೇರ ಬಂದ ಮೆಣಸಿಗೆ ದೊಡ್ಡ ಸುಂಕ ಇದ್ದೇ ಇದೆ. ಆದರೆ ಶ್ರೀಲಂಕಾದಿಂದ ಬಂದರೆ? ದಕ್ಷಿಣ ಏಷ್ಯಾ ದೇಶಗಳ ಸಾಫ್ಟಾ ಒಪ್ಪಂದದಲ್ಲಿ ಶೇಕಡಾ 8. ಭಾರತ-ಶ್ರೀಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್‌ವರೆಗೆ ಸೊನ್ನೆ. 50 ಎಲ್ಲಿ, 8 ಎಲ್ಲಿ, ಸೊನ್ನೆ ಎಲ್ಲಿ! ಈ ಸಂದಿಯಲ್ಲಿ ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಚೀಲ ಬದಲಾಯಿಸಿಕೊಂಡು ಬರುತ್ತದೆ ಎಂಬುದೇ ಬೆಳೆಗಾರರ ಹಳೆಯ ದೂರು.

ಹಾಗೆಂದು ಶ್ರೀಲಂಕಾದ ಮೆಣಸೆಲ್ಲ ಕಳ್ಳಮಾಲಲ್ಲ. ಅದರಲ್ಲಿ ಖಾರದ ಅಂಶ ಜಾಸ್ತಿ. ಕೇರಳದಲ್ಲಿ ಮೆಣಸಿನ ಸಾರ ತೆಗೆಯುವ ಫ್ಯಾಕ್ಟರಿಗಳಿಗೆ ಅದೇ ಬೇಕು. 2020ರ ಸೆಪ್ಟೆಂಬರ್‌ನಿಂದ ಹೊಸ ನಿಯಮ ಬಂದಿದೆ. ಮೂಲದೇಶದ ಸರ್ಟಿಫಿಕೇಟ್ ತೋರಿಸಿದರೆ ಸಾಲದು, ಮಾಲು ನಿಜವಾಗಿ ಅಲ್ಲಿಯದೇ ಎಂಬ ವಿವರವನ್ನು ಆಮದುದಾರನೇ ಇಟ್ಟುಕೊಂಡಿರಬೇಕು. ನಮ್ಮ ಕಾಲದಲ್ಲಿ ಸರ್ಟಿಫಿಕೇಟಿನ ಮೇಲೆ ಸೀಲು ಇದೆಯಾ ಎಂದು ನೋಡಿದರೆ ಮುಗಿಯುತ್ತಿತ್ತು.

ನಾಪೋಕ್ಲು ಬಳ್ಳಿ

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೆ ಪ್ರಶ್ನೆ ಹಾಗೇ ಉಳಿಯಿತು. ಕೊಲಂಬೊದಲ್ಲಿ ಚೀಲ ಬದಲಾಯಿಸುವುದು ಆಮೇಲೆ. ಅದಕ್ಕೆ ಮೊದಲು ವಿಯೆಟ್ನಾಂನಲ್ಲಿ ಅದು ಅಷ್ಟು ಅಗ್ಗ ಯಾಕೆ?

ಹಳೇ ಕಸ್ಟಮ್ಸ್

ಇಳುವರಿ. ನಮ್ಮಲ್ಲಿ ಮೆಣಸು ಕಾಫಿಯ ಮನೆಯ ಬಾಡಿಗೆದಾರ. ನೆರಳಿನ ಮರಕ್ಕೆ ಒಂದು ಬಳ್ಳಿ, ಬಂದಷ್ಟು ಬರಲಿ ಎಂದು ಬಿಡುತ್ತೇವೆ. ಅಲ್ಲಿ ಕಂಬ ನೆಟ್ಟು, ಬಿಸಿಲಿನಲ್ಲಿ, ನೀರು ಗೊಬ್ಬರ ಸುರಿದು, ಮೆಣಸನ್ನೇ ಬೆಳೆಯುತ್ತಾರೆ. ಒಂದು ಹೆಕ್ಟೇರಿಗೆ ನಮಗಿಂತ ಹಲವು ಪಟ್ಟು ಬರುತ್ತದೆ. 2015-16ರ ಹೊತ್ತಿಗೆ ಕಿಲೋಗೆ 700 ರೂಪಾಯಿಯ ಹತ್ತಿರ ಬೆಲೆ ಬಂದಾಗ ನಾವು ಕಾರು ಬದಲಾಯಿಸಿದೆವು, ಅವರು ಕಂಬ ನೆಟ್ಟರು. ಆ ಕಂಬಗಳೆಲ್ಲ ಒಟ್ಟಿಗೆ ಫಸಲು ಕೊಟ್ಟಾಗ ಬೆಲೆ ಬಿತ್ತು.

ಇದರಲ್ಲಿ ಸಬ್ಸಿಡಿ ಎಲ್ಲಿದೆ ಎಂದು ತೋರಿಸದೆ ಕೇಸ್ ನಿಲ್ಲುವುದಿಲ್ಲ.

ಸಿದ್ದಾಪುರ ಸಿಲ್ವರ್

ಕಾರು ಬದಲಾಯಿಸಿದ್ದು ನನಗೆ ಹೇಳಿದ್ದಾ ಸರ್? 😀

ಲಾ ಓದುವವಳು

ಎಲ್ಲರಿಗೂ ನಮಸ್ಕಾರ. ನಾನು ಪೊನ್ನಂಪೇಟೆಯವಳು, ಈಗ ಮೈಸೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಇದೇ ಪಾಠ. ಸುಂಟಿಕೊಪ್ಪದ ಅಕ್ಕ ಕೇಳಿದ ಪ್ರಶ್ನೆಯೇ ಮುಖ್ಯ ಅನ್ನಿಸಿತು.

ಡಬ್ಲ್ಯುಟಿಒ ಸಬ್ಸಿಡಿಯನ್ನು ಪೂರ್ತಿ ತಪ್ಪು ಎಂದು ಹೇಳುವುದೇ ಇಲ್ಲ. ಅದರ ಸಬ್ಸಿಡಿ ಒಪ್ಪಂದದಲ್ಲಿ ಸಬ್ಸಿಡಿ ಅನ್ನಿಸಿಕೊಳ್ಳಲು ಸರ್ಕಾರ ಅಥವಾ ಸರ್ಕಾರಿ ಸಂಸ್ಥೆ ಹಣದ ರೂಪದಲ್ಲಿ ಏನಾದರೂ ಕೊಟ್ಟಿರಬೇಕು, ಇಲ್ಲವೇ ಬರಬೇಕಾದ ತೆರಿಗೆ ಬಿಟ್ಟಿರಬೇಕು. ಅದರಿಂದ ಪಡೆದವನಿಗೆ ಮಾರುಕಟ್ಟೆಯಲ್ಲಿ ಸಿಗದ ಲಾಭ ಆಗಿರಬೇಕು. ಅದು ಒಂದು ಕಂಪನಿಗೋ ಒಂದು ಉದ್ಯಮಕ್ಕೋ ಮೀಸಲಾಗಿದ್ದರೆ ಮಾತ್ರ ಬೇರೆಯವರು ತಕರಾರು ಎತ್ತಬಹುದು. ಎಲ್ಲರೂ ಓಡಾಡುವ ರಸ್ತೆ ಮಾಡಿಕೊಟ್ಟರೆ ಲೆಕ್ಕಕ್ಕಿಲ್ಲ.

ಪೂರ್ತಿ ನಿಷೇಧ ಇರುವುದು ಎರಡಕ್ಕೆ ಮಾತ್ರ. "ರಫ್ತು ಮಾಡಿದರೆ ಮಾತ್ರ ದುಡ್ಡು" ಎನ್ನುವುದು ಒಂದು, "ನಮ್ಮ ದೇಶದ್ದೇ ಸಾಮಾನು ಬಳಸಿದರೆ ಮಾತ್ರ ದುಡ್ಡು" ಎನ್ನುವುದು ಇನ್ನೊಂದು. ಸೋಲಾರ್ ಪ್ಯಾನೆಲ್ ವಿಷಯದಲ್ಲಿ ದೇಶೀ ಸೆಲ್ಲುಗಳನ್ನೇ ಬಳಸಿ ಎಂದು ಷರತ್ತು ಹಾಕಿದ್ದಕ್ಕೆ ನಾವು 2016ರಲ್ಲಿ ಅಮೆರಿಕದ ಎದುರು ಸೋತೆವು. ಅದು ಬೇರೆ ಕಲಮಿನ ಕೇಸು, ಆದರೆ ಯೋಚನೆ ಇದೇ. ಉಳಿದ ಸಬ್ಸಿಡಿಗಳನ್ನು ಕೊಡಬಹುದು. ಅದರಿಂದ ಬೇರೆ ದೇಶಕ್ಕೆ ನಷ್ಟ ಆಯಿತು ಎಂದು ಅವರು ರುಜುವಾತು ಮಾಡಿದರೆ ಮಾತ್ರ ತೊಂದರೆ.

ಕೃಷಿಗೆ ಬೇರೆ ಒಪ್ಪಂದ ಇದೆ. ಅಲ್ಲಿ ಡಬ್ಬಗಳ ಲೆಕ್ಕ. ಸಂಶೋಧನೆ, ರೋಗ ನಿಯಂತ್ರಣ ಇಂಥವು ಹಸಿರು ಡಬ್ಬ, ಎಷ್ಟು ಬೇಕಾದರೂ ಕೊಡಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರದ ಖರ್ಚೆಲ್ಲ ಇದರಲ್ಲಿ ಬರುತ್ತದೆ. ಬೆಂಬಲ ಬೆಲೆಯ ಹಾಗೆ ಬೆಲೆಯನ್ನೇ ಎತ್ತಿ ಹಿಡಿಯುವುದು ಅಂಬರ್ ಡಬ್ಬ. ಅದಕ್ಕೆ ಮಿತಿ ಇದೆ. ನಮ್ಮಂಥ ದೇಶಕ್ಕೆ ಆ ಬೆಳೆಯ ಒಟ್ಟು ಮೌಲ್ಯದ ಶೇಕಡಾ 10, ಶ್ರೀಮಂತ ದೇಶಗಳಿಗೆ 5.

ಅಕ್ಕನ ಸ್ಪ್ರಿಂಕ್ಲರ್ ಎಲ್ಲಿ ಹೋಯಿತು ಎಂದರೆ, ಅದಕ್ಕೆ ಮೂರನೇ ದಾರಿ ಇದೆ. ಬೆಳೆಯುತ್ತಿರುವ ದೇಶಗಳು ಕೃಷಿಯ ಬಂಡವಾಳಕ್ಕೆ, ಮತ್ತು ಕಡಿಮೆ ಆದಾಯದ ರೈತರ ಗೊಬ್ಬರ-ನೀರಿಗೆ ಕೊಡುವ ಸಹಾಯ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. "ಕಡಿಮೆ ಆದಾಯದ ರೈತ" ಎಂದರೆ ಯಾರು? 10 ಹೆಕ್ಟೇರ್‌ವರೆಗೆ ಜಮೀನು ಇರುವವರು ಎಂದು ಭಾರತ ಹೇಳಿಕೊಂಡಿದೆ. ಆ ಲೆಕ್ಕದಲ್ಲಿ ದೇಶದ ಶೇಕಡಾ 99.43 ಹಿಡುವಳಿ ಬಡವರದು.

ಸಿದ್ದಾಪುರ ಸಿಲ್ವರ್

ಒಂದು ನಿಮಿಷ ತಂಗಿ. 10 ಹೆಕ್ಟೇರ್ ಎಂದರೆ ಹತ್ತಿರ ಹತ್ತಿರ 25 ಎಕರೆ. ಕೊಡಗಿನಲ್ಲಿ 24 ಎಕರೆ ಕಾಫಿ ಇಟ್ಟುಕೊಂಡು, ಮಗನನ್ನು ಆಸ್ಟ್ರೇಲಿಯಾದಲ್ಲಿ ಓದಿಸುವವನು ಜಿನೀವಾದಲ್ಲಿ ಬಡ ರೈತನಾ? ನಮ್ಮ ಪಕ್ಕದ ತೋಟದವನಿಗೆ ಇವತ್ತೇ ಹೇಳುತ್ತೇನೆ, ಖುಷಿ ಪಡುತ್ತಾನೆ.

ಲಾ ಓದುವವಳು

ಹೌದು ಅಣ್ಣ, ಕಾಗದದ ಮೇಲೆ ಹಾಗೇ. ಕಾಫಿ ಬೋರ್ಡಿನ ಲೆಕ್ಕದಲ್ಲೂ 10 ಹೆಕ್ಟೇರ್‌ವರೆಗೆ ಸಣ್ಣ ಬೆಳೆಗಾರ ಅಲ್ವಾ.

ಬೆಂಗಳೂರಿನಲ್ಲಿರುವ ಕೊಡಗಿನವ

ಈ ಡಬ್ಬಗಳ ಆಟದಲ್ಲಿ ಮೋಸ ಇರುವುದು ಬೇರೆ ಕಡೆ. ಬೆಂಬಲ ಬೆಲೆ ಎಷ್ಟು ಸಬ್ಸಿಡಿ ಎಂದು ಅಳೆಯಲು ಹೋಲಿಸುವುದು 1986-88ರ ಅಂತರರಾಷ್ಟ್ರೀಯ ಬೆಲೆಗೆ. ಅಕ್ಕಿಗೆ ನಮ್ಮ ಪಟ್ಟಿಯಲ್ಲಿ ಬರೆದಿರುವುದು ಟನ್ನಿಗೆ 3,520 ರೂಪಾಯಿ. ಎಂದರೆ ಕಿಲೋಗೆ ಮೂರೂವರೆ ರೂಪಾಯಿ! ನಾನು ಹುಟ್ಟುವ ಮೊದಲಿನ ಬೆಲೆ. ಇವತ್ತಿನ ಬೆಂಬಲ ಬೆಲೆಯನ್ನು ಅದಕ್ಕೆ ಹೋಲಿಸಿದರೆ ಯಾವ ಸರ್ಕಾರ ತಾನೇ ಮಿತಿ ದಾಟುವುದಿಲ್ಲ? ಭಾರತ 2018-19ರ ಅಕ್ಕಿಯಲ್ಲಿ ದಾಟಿತು. 2013ರಲ್ಲಿ ಬಾಲಿಯ ಡಬ್ಲ್ಯುಟಿಒ ಸಭೆಯಲ್ಲಿ ಆದ "ಸದ್ಯಕ್ಕೆ ಕೇಸ್ ಹಾಕುವುದಿಲ್ಲ" ಎಂಬ ರಾಜಿಯ ಕೆಳಗೆ ಬಚಾವಾಯಿತು. ಅದೇ ಹೊತ್ತಿಗೆ ಅಮೆರಿಕಕ್ಕೆ ಅಂಬರ್ ಡಬ್ಬದಲ್ಲಿ ವರ್ಷಕ್ಕೆ 19.1 ಬಿಲಿಯನ್ ಡಾಲರ್‌ವರೆಗೆ ಕೊಡುವ ಹಕ್ಕು ಇದೆ. ಮೊದಲಿಂದ ಜಾಸ್ತಿ ಕೊಡುತ್ತಿದ್ದವರಿಗೆ ಜಾಸ್ತಿ ಹಕ್ಕು, ಕೊಡಲು ಗತಿ ಇಲ್ಲದವರಿಗೆ ಕಮ್ಮಿ ಹಕ್ಕು. ಕುಡುಕನಿಗೆ ಕುಡಿತದ ಕೋಟಾ ಬರೆದುಕೊಟ್ಟ ಹಾಗೆ.

ಸಿದ್ದಾಪುರ ಸಿಲ್ವರ್

ಅದೇ ನಾನು ಹೇಳುವುದು. ಆನೆ ನಡೆದದ್ದೇ ದಾರಿ. ಸಿದ್ದಾಪುರದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಅಮೆರಿಕದ ಮೇಲೆ ಕೇಸ್ ಹಾಕಿ ಗೆದ್ದ ಬಡ ದೇಶ ಯಾವುದಾದರೂ ಇದೆಯಾ?

ಲಾ ಓದುವವಳು

ಇದೆ ಅಣ್ಣ. ಅದು ನನಗೆ ಇಷ್ಟದ ಕೇಸ್. ಆದರೆ ಪೂರ್ತಿ ಕೇಳಿದ ಮೇಲೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

2002ರಲ್ಲಿ ಬ್ರೆಜಿಲ್, ಅಮೆರಿಕದ ಹತ್ತಿ ಸಬ್ಸಿಡಿಯ ಮೇಲೆ ದೂರು ಕೊಟ್ಟಿತು. ಅಮೆರಿಕ ತನ್ನ ಹತ್ತಿ ರೈತರಿಗೆ ಬೆಲೆ ಬಿದ್ದರೂ ದುಡ್ಡು ಕೊಡುತ್ತಿತ್ತು. ಅದರ ಜೊತೆ ಅಮೆರಿಕದ ಹತ್ತಿ ಕೊಳ್ಳುವ ಗಿರಣಿಗಳಿಗೂ ರಫ್ತುದಾರರಿಗೂ ಕೊಡುತ್ತಿತ್ತು. ಬೆಲೆ ಬಿದ್ದಾಗ ಬೇರೆ ದೇಶದ ರೈತ ಹತ್ತಿ ಬಿಟ್ಟು ಬೇರೆ ಬೆಳೆ ಹಾಕುತ್ತಾನೆ. ಅಮೆರಿಕದವನು ಬಿಡಲೇ ಇಲ್ಲ. ಹಾಗಾಗಿ ಬೆಲೆ ಏಳಲೇ ಇಲ್ಲ ಎಂದು ಬ್ರೆಜಿಲ್ ವಾದ. 2005ರಲ್ಲಿ ಮೇಲ್ಮನವಿಯಲ್ಲೂ ಬ್ರೆಜಿಲ್ ಗೆದ್ದಿತು. ಗಿರಣಿಗಳಿಗೆ ಕೊಡುತ್ತಿದ್ದದ್ದನ್ನು ಅಮೆರಿಕ ನಿಲ್ಲಿಸಿತು. ಉಳಿದದ್ದನ್ನು ಸರಿ ಮಾಡಲಿಲ್ಲ. ಕೊನೆಗೆ 2009ರಲ್ಲಿ, ಬ್ರೆಜಿಲ್ ಪ್ರತೀಕಾರದ ಸುಂಕ ಹಾಕಬಹುದು ಎಂದು ತೀರ್ಮಾನ ಬಂತು.

ಈಗ ಮಜಾ ನೋಡಿ. ಸುಂಕ ತಪ್ಪಿಸಿಕೊಳ್ಳಲು ಅಮೆರಿಕ 2010ರಲ್ಲಿ ಒಂದು ರಾಜಿ ಮಾಡಿಕೊಂಡಿತು. ತನ್ನ ರೈತರ ಸಬ್ಸಿಡಿ ಹಾಗೇ ಇರಲಿ, ಬದಲಿಗೆ ಬ್ರೆಜಿಲ್‌ನ ಹತ್ತಿ ರೈತರ ಸಂಸ್ಥೆಗೆ ವರ್ಷಕ್ಕೆ 147.3 ಮಿಲಿಯನ್ ಡಾಲರ್ ಕೊಡುತ್ತೇನೆ ಎಂದಿತು. ತನ್ನ ಸಬ್ಸಿಡಿ ಉಳಿಸಿಕೊಳ್ಳಲು ಇನ್ನೊಂದು ದೇಶಕ್ಕೂ ಸಬ್ಸಿಡಿ! 2014ರಲ್ಲಿ ಇನ್ನೂ 300 ಮಿಲಿಯನ್ ಕೊಟ್ಟು ಜಗಳ ಮುಗಿಸಿದರು.

ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಎಂಬ ನಾಲ್ಕು ದೇಶಗಳಿವೆ. ಹತ್ತಿಯೇ ಅವರ ಜೀವ. 2003ರಿಂದ ಅವರು ಇದೇ ಅನ್ಯಾಯವನ್ನು ಡಬ್ಲ್ಯುಟಿಒದಲ್ಲಿ ಹೇಳುತ್ತಾ ಬಂದಿದ್ದಾರೆ. ಆ 147 ಮಿಲಿಯನ್ ಹೋದದ್ದು ಬ್ರೆಜಿಲ್‌ನ ಸಂಸ್ಥೆಗೆ, ನೇರವಾಗಿ ಅವರ ಕೈಗೆ ಅಲ್ಲ. ಗೆದ್ದವರಿಗೆ ದುಡ್ಡು ಬಂತು, ಏಟು ತಿಂದವರಿಗೆ ಅಲ್ಲ.

ಸುಂಟಿಕೊಪ್ಪದಕ್ಕ

ಇದು ನನಗೆ ಗೊತ್ತೇ ಇರಲಿಲ್ಲ. ಮಾಲಿಯ ಹತ್ತಿ ರೈತ ನಮ್ಮ ಬಳ್ಳಿ ಅಣ್ಣನ ಹಾಗೇ ಇರಬೇಕು.

ಮಳೆಮಾಪಕ

ಮಧ್ಯದಲ್ಲಿ ಬಂದೆ, ಕ್ಷಮಿಸಿ. ಪಾಲಿಬೆಟ್ಟದ ಕಡೆ ಕಾಫಿ ಹೂ ಬಿಡಿಸುವ ಹೂಮಳೆ ಬಂತಾ? ನಮ್ಮಲ್ಲಿ ಮೋಡ ಮಾತ್ರ.

ಸಿದ್ದಾಪುರ ಸಿಲ್ವರ್

ಇಲ್ಲಿ 40 ಸೆಂಟ್ಸ್ ಬಂತು, ಅರ್ಧ ಇಂಚೂ ಇಲ್ಲ. ಸಾಲದು. ಸ್ಪ್ರಿಂಕ್ಲರ್ ಹಾಕಬೇಕು, ಅಕ್ಕನ ಸಬ್ಸಿಡಿ ಸ್ಪ್ರಿಂಕ್ಲರ್.

ಬೆಂಗಳೂರಿನಲ್ಲಿರುವ ಕೊಡಗಿನವ

ಹತ್ತಿಯ ಕಥೆ ಸರಿ. ಆದರೆ ನಾವು ಸುಮ್ನೆ ಏಟು ತಿಂದವರ ಸಾಲಿನಲ್ಲಿ ಮಾತ್ರ ನಿಂತುಕೊಳ್ಳುವುದು ಬೇಡ. ಕಟಕಟೆಯಲ್ಲಿ ನಾವೂ ನಿಂತಿದ್ದೇವೆ.

ಮಂಡ್ಯ, ಬೆಳಗಾವಿಯ ಕಬ್ಬು ತಗೊಳ್ಳಿ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರೂ ಸೇರಿ ನಮ್ಮ ಸಕ್ಕರೆಯ ಮೇಲೆ ಕೇಸ್ ಹಾಕಿದವು. ನಮ್ಮ ವಕೀಲರ ವಾದ ಚೆನ್ನಾಗಿತ್ತು. ಕಬ್ಬಿನ ಬೆಲೆ ನಿಗದಿ ಮಾಡುವುದು ಮಾತ್ರ ಸರ್ಕಾರ, ದುಡ್ಡು ಕೊಡುವುದು ಕಾರ್ಖಾನೆ. ಸರ್ಕಾರದ ಜೇಬಿನಿಂದ ಹೋಗದ ಮೇಲೆ ಅದು ಹೇಗೆ ಬೆಂಬಲ? ತೀರ್ಪುಗಾರರು ಒಪ್ಪಲಿಲ್ಲ. ಬೆಲೆಯನ್ನು ಕಾನೂನಿನಿಂದ ಎತ್ತಿ ಹಿಡಿದರೆ ಸಾಕು, ಯಾರ ಜೇಬಿನಿಂದ ಹೋದರೂ ಅದು ಬೆಂಬಲವೇ ಎಂದರು. 2014-15ರಿಂದ ಐದು ಹಂಗಾಮು ನಾವು 10 ಶೇಕಡಾ ಮಿತಿ ದಾಟಿದ್ದೇವೆ ಎಂದು 2021ರ ಡಿಸೆಂಬರ್‌ನಲ್ಲಿ ತೀರ್ಪು. ರಫ್ತಿಗೆ ಕೊಟ್ಟ ನೆರವೂ ತಪ್ಪು ಎಂದರು.

ಅದಕ್ಕೆ ಎರಡು ವರ್ಷ ಮೊದಲು, 2019ರಲ್ಲಿ, ನಮ್ಮ ರಫ್ತು ಪ್ರೋತ್ಸಾಹ ಯೋಜನೆಗಳ ಮೇಲೆ ಅಮೆರಿಕ ಗೆದ್ದಿತ್ತು. ತಲಾ ಆದಾಯ ಸಾವಿರ ಡಾಲರ್ ಒಳಗೆ ಇರುವವರೆಗೆ ರಫ್ತು ಸಬ್ಸಿಡಿಗೆ ವಿನಾಯಿತಿ ಇತ್ತು, ನಾವು ಆ ಗೆರೆ ದಾಟಿದ್ದೆವು. ಬಡತನದಿಂದ ಪಾಸಾದದ್ದಕ್ಕೆ ದಂಡ!

ಎರಡೂ ಕೇಸಿನಲ್ಲಿ ನಾವು ಏನು ಮಾಡಿದೆವು ಗೊತ್ತಾ? ಅಪೀಲು. ಸಕ್ಕರೆಯ ಅಪೀಲು ಹೋಗುವ ಹೊತ್ತಿಗೆ ಅಪೀಲು ಕೇಳುವ ಪೀಠದಲ್ಲಿ ಜನವೇ ಇರಲಿಲ್ಲ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದೆ, 2019ರ ಡಿಸೆಂಬರ್ 11ರಿಂದ ಆ ಪೀಠ ಕೆಲಸ ಮಾಡುತ್ತಿಲ್ಲ. ಬೀಗ ಹಾಕಿದ ಕೋರ್ಟಿನ ಬಾಗಿಲ ಸಂದಿಯಲ್ಲಿ ಫೈಲು ತಳ್ಳಿ ಬಂದ ಹಾಗೆ. ಸಕ್ಕರೆಯ ತೀರ್ಪು ಜಾರಿಯಾಗುವುದಿಲ್ಲ, ಕೇಸೂ ಮುಗಿಯುವುದಿಲ್ಲ. ನಮಗೆ ಅನುಕೂಲವೇ ಆಯಿತು. ಆದರೆ ನಾಳೆ ನಾವು ವಿಯೆಟ್ನಾಂ ಮೇಲೆ ಗೆದ್ದರೆ, ಅವರೂ ಇದೇ ಸಂದಿ ಹುಡುಕುವುದಿಲ್ಲವಾ?

ಹಳೇ ಕಸ್ಟಮ್ಸ್

ಸರಿಯಾಗಿ ಹೇಳಿದಿರಿ. ನಾನೂ ಒಂದು ಹೇಳಿಬಿಡುತ್ತೇನೆ, ಬೈಯಬೇಡಿ.

2017ರ ಡಿಸೆಂಬರ್‌ನಲ್ಲಿ ಸರ್ಕಾರ ಮೆಣಸಿಗೆ ಕನಿಷ್ಠ ಆಮದು ಬೆಲೆ ಹಾಕಿತು. ಕಿಲೋಗೆ 500 ರೂಪಾಯಿಗಿಂತ ಕಡಿಮೆಗೆ ತರುವ ಹಾಗಿಲ್ಲ. ಮುಂದಿನ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆಯದನ್ನು ನಿಷೇಧವೇ ಮಾಡಿದರು. ನಾವೆಲ್ಲ ಸಿಹಿ ಹಂಚಿದೆವು. ಅಡಿಕೆಗೂ ಹಾಗೇ, 2023ರ ಫೆಬ್ರವರಿಯಲ್ಲಿ 251ರಿಂದ 351ಕ್ಕೆ ಏರಿಸಿದರು. ಸಂಪಾಜೆ ಕಡೆಯವರಿಗೆ ನೆನಪಿರಬೇಕು.

ಈಗ ಕೃಷಿ ಒಪ್ಪಂದದ 4ನೇ ಕಲಮು ತೆಗೆದು ನೋಡಿ. ಅದರ ಅಡಿಟಿಪ್ಪಣಿಯಲ್ಲಿ, ಯಾವ ಯಾವ ಅಡ್ಡಗೋಡೆಗಳನ್ನು ಇಡಬಾರದು ಎಂಬ ಪಟ್ಟಿ ಇದೆ. ಅದರಲ್ಲಿ ಕನಿಷ್ಠ ಆಮದು ಬೆಲೆ ಎಂದು ಹೆಸರು ಹಿಡಿದೇ ಬರೆದಿದ್ದಾರೆ! ಇದೇ ಕಲಮಿನ ಕೆಳಗೆ 2002ರಲ್ಲಿ ಚಿಲಿ ಸೋತಿತು. ಗೋಧಿ, ಎಣ್ಣೆಯ ಬೆಲೆ ಒಂದು ಮಟ್ಟಕ್ಕಿಂತ ಇಳಿಯದ ಹಾಗೆ ಅವರು ಸುಂಕ ಏರಿಳಿಸುತ್ತಿದ್ದರು. ಕೇಸ್ ಹಾಕಿದ್ದು ಪಕ್ಕದ ಅರ್ಜೆಂಟೀನಾ. ಎಂದರೆ ನಾವು ಯಾರ ಮೇಲೆ ಕೇಸ್ ಹಾಕಬೇಕು ಅನ್ನುತ್ತಿದ್ದೇವೋ, ಅವರು ನಮ್ಮ ಮೇಲೇ ಹಾಕಲು ಕಾರಣ ಇಟ್ಟುಕೊಂಡು ಕೂತಿದ್ದಾರೆ. ಸಬ್ಸಿಡಿ ಎಂದು ನಾವು ಎತ್ತಿದ ಬೆರಳು ತಿರುಗಿ ನಮ್ಮ 500 ರೂಪಾಯಿಯ ಕಡೆಗೇ ಬರುತ್ತದೆ.

ಆ 500ರಿಂದ ಏನಾಯಿತು? ಬಿಲ್ಲಿನಲ್ಲಿ 500 ಎಂದು ಬರೆಸಿ, ಜಾಸ್ತಿ ದುಡ್ಡನ್ನು ಬೇರೆ ದಾರಿಯಲ್ಲಿ ವಾಪಸು ತರಿಸಿಕೊಳ್ಳುವ ವಿದ್ಯೆ ಬೇಗ ಬಂತು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಕೈಗಳು ಬಂದರಿನಲ್ಲಿ ಯಾವಾಗಲೂ ಇವೆ. ನಾನೇ ನೋಡಿದ್ದೇನೆ.

ನಾಪೋಕ್ಲು ಬಳ್ಳಿ

ಸರ್, ನೀವು ಯಾರ ಕಡೆ?

ಹಳೇ ಕಸ್ಟಮ್ಸ್

ಮೆಣಸಿನ ಕಡೆ. ನನಗೂ ಒಂದೂವರೆ ಎಕರೆ ಇದೆ. 500 ರೂಪಾಯಿ ಬೇಡ ಎಂದು ನಾನು ಹೇಳಲಿಲ್ಲ. ನ್ಯಾಯ ಎಂದು ಹೆಸರಿಟ್ಟು ಕೇಳಿದರೆ ನಮ್ಮ ಕೈಯೂ ಶುಭ್ರ ಇರಬೇಕು ಎಂದೆ. ರಕ್ಷಣೆ ಬೇಕು ಎಂದು ಬಾಯಿಬಿಟ್ಟು ಕೇಳೋಣ, ಅದರಲ್ಲಿ ನಾಚಿಕೆ ಏನಿದೆ?

ಸುಂಟಿಕೊಪ್ಪದಕ್ಕ

ಈ ಮಾತಿಗೆ ನನಗೆ 2001 ನೆನಪಾಯಿತು. ಆಗ ನಾನು ಮದುವೆಯಾಗಿ ಹೊಸದಾಗಿ ಈ ಮನೆಗೆ ಬಂದಿದ್ದೆ. ಕಾಫಿಯ ಅಂತರರಾಷ್ಟ್ರೀಯ ಬೆಲೆ ಪೌಂಡಿಗೆ 50 ಸೆಂಟ್ ಒಳಗೆ ಬಿದ್ದಿತ್ತು. ಕಣದಲ್ಲಿ ಚೆರ್ರಿ ಒಣಗಿ ಕೂತಿತ್ತು, ಮಾವ ಮಾರುವುದಿಲ್ಲ ಎಂದು ಹಠ ಮಾಡಿದರು. ಲೈನ್ ಮನೆಯ ಆಳುಗಳಿಗೆ ಬಟವಾಡೆ ಕೊಡಲು ನನ್ನ ಒಂದು ಜೊತೆ ಬಳೆ ಹೋಯಿತು. ಹುತ್ತರಿಗೆ ಕದಿರು ತೆಗೆಯುವ ದಿನವೂ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಆಗಲೂ ವಿಯೆಟ್ನಾಂ ಎಂದೇ ಹೇಳುತ್ತಿದ್ದರು. ಸರ್, ಆ ಕಾಫಿಯಲ್ಲಾದರೂ ಸಬ್ಸಿಡಿ ಇತ್ತಾ?

ಹಳೇ ಕಸ್ಟಮ್ಸ್

ಕಾಫಿಯಲ್ಲಿ ಇತ್ತು ಎಂದು ಹೇಳಬಹುದಮ್ಮ. ಯುದ್ಧ ಮುಗಿದ ಮೇಲೆ ಅಲ್ಲಿನ ಸರ್ಕಾರವೇ ಬಯಲಿನ ಜನರನ್ನು ಡಾಕ್ ಲಾಕ್ ಕಡೆಯ ಬೆಟ್ಟಸೀಮೆಗೆ ಕರೆದೊಯ್ದು ನೆಲೆ ಮಾಡಿಸಿತು, ಭೂಮಿ ಕೊಟ್ಟಿತು, ಅಗ್ಗದ ಸಾಲ ಕೊಟ್ಟಿತು. ಇಪ್ಪತ್ತೈದು ವರ್ಷದಲ್ಲಿ ಬ್ರೆಜಿಲ್ ಬಿಟ್ಟರೆ ಅವರೇ ಎನ್ನುವಂತಾದರು. ಆದರೆ ವಿಯೆಟ್ನಾಂ ಡಬ್ಲ್ಯುಟಿಒ ಸೇರಿದ್ದು 2007ರ ಜನವರಿಯಲ್ಲಿ. ನಿಮ್ಮ ಬಳೆ ಹೋದ ವರ್ಷ ಅವರು ಆ ಮನೆಯ ಸದಸ್ಯರೇ ಅಲ್ಲ.

ಇನ್ನೊಂದು ಕಾರಣವನ್ನು ನಾವು ಮರೆಯುತ್ತೇವೆ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೆಳಗೆ 1989ರ ಜುಲೈವರೆಗೆ ಒಂದು ಕಟ್ಟು ಇತ್ತು. ಯಾವ ದೇಶ ಎಷ್ಟು ರಫ್ತು ಮಾಡಬೇಕು ಎಂದು ಕೋಟಾ. ಬೆಲೆ ಬೀಳದ ಹಾಗೆ ಬೆಳೆಯುವವರೂ ಕುಡಿಯುವವರೂ ಸೇರಿ ಹಿಡಿದಿದ್ದರು. ಅದು ಮುರಿದ ಮೇಲೆ ಹಿಡಿಯುವ ಕೈ ಇಲ್ಲವಾಯಿತು. ಇಲ್ಲೂ ಅಷ್ಟೇ. ಕಾಫಿಯೆಲ್ಲ ಬೋರ್ಡಿನ ಪೂಲಿಗೇ, ಎಂದರೆ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೇ, ಹೋಗಬೇಕು ಎಂದಿದ್ದದ್ದು 90ರ ದಶಕದಲ್ಲಿ ಹಂತಹಂತವಾಗಿ ಹೋಯಿತು. 1996ರ ಹೊತ್ತಿಗೆ ಎಲ್ಲರಿಗೂ ಪೂರ್ತಿ ಸ್ವಾತಂತ್ರ್ಯ. ಅದಕ್ಕೂ ನಾವು ಸಿಹಿ ಹಂಚಿದ್ದೆವು.

ಬೆಂಗಳೂರಿನಲ್ಲಿರುವ ಕೊಡಗಿನವ

ನಮ್ಮ ಕಾಫಿಯ ಮುಕ್ಕಾಲು ಪಾಲು ಹತ್ತಿರ ಹೊರಗೆ ಹೋಗುತ್ತದೆ, ಇಟಲಿಯವರೇ ದೊಡ್ಡ ಗಿರಾಕಿ. ಮೆಣಸಿಗೆ ಬೇಲಿ ಬೇಕು, ಕಾಫಿಗೆ ಬೇರೆಯವರ ಬೇಲಿ ಬೇಡ. ಒಂದೇ ತೋಟ, ಒಂದೇ ಮರ, ಮೇಲೆ ಒಂದು ನ್ಯಾಯ ಕೆಳಗೆ ಒಂದು ನ್ಯಾಯ. ರಫ್ತು ಮಾಡುವವರಿಗೆ ಕಾಫಿ ಬೋರ್ಡ್ ಕಿಲೋಗೆ ಎರಡು ಮೂರು ರೂಪಾಯಿ ಸಾಗಣೆ ನೆರವು ಕೊಡುತ್ತಿದ್ದ ಕಾಲವೂ ಇತ್ತು. 2015ರ ನೈರೋಬಿಯ ಡಬ್ಲ್ಯುಟಿಒ ಸಭೆಯ ತೀರ್ಮಾನದಲ್ಲಿ ಅಂಥ ಸಾಗಣೆ ನೆರವಿಗೂ 2023ರ ಕೊನೆಯ ಗಡುವು ಇಟ್ಟರು.

ನಾಪೋಕ್ಲು ಬಳ್ಳಿ

ಮೂರು ದಿನದಿಂದ ಓದುತ್ತಿದ್ದೇನೆ. ತಲೆ ಬಿಸಿಯಾದರೂ ಒಂದು ತಿಳಿಯಿತು. ನಾನು ಸಬ್ಸಿಡಿ ಎಂದು ಬೈಯುತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಸಬ್ಸಿಡಿಯೇ ಅಲ್ಲ.

ಆದರೂ ಬಿಡುವುದಿಲ್ಲ. ಜಿನೀವಾ ಬೇಡ. ಇಲ್ಲೇ ದೆಹಲಿಯಲ್ಲಿ ಡಂಪಿಂಗ್, ಸಬ್ಸಿಡಿ ದೂರು ತಗೊಳ್ಳುವ ಕಚೇರಿ ಇದೆಯಂತೆ. ಅಲ್ಲಿಗೆ ನಮ್ಮಂಥವರು ದೂರು ಕೊಡಬಹುದಾ ತಂಗಿ?

ಲಾ ಓದುವವಳು

ಕೊಡಬಹುದು ಅಣ್ಣ. ವಾಣಿಜ್ಯ ಸಚಿವಾಲಯದ ಕೆಳಗೆ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯ ಎಂದು 2018ರಿಂದ ಇದೆ. ಅವರು ತನಿಖೆ ಮಾಡಿ ಶಿಫಾರಸು ಮಾಡಿದರೆ ಹಣಕಾಸು ಸಚಿವಾಲಯ ಸುಂಕ ಹಾಕುತ್ತದೆ. ಅಂಥ ಸುಂಕ ಸಾಮಾನ್ಯವಾಗಿ ಐದು ವರ್ಷ, ಆಮೇಲೆ ಮತ್ತೆ ಪರಿಶೀಲನೆ. ಬೇರೆಯವರೂ ನಮ್ಮ ಮೇಲೆ ಹೀಗೇ ಹಾಕುತ್ತಾರೆ. ನಮ್ಮ ಸೀಗಡಿಯ ಮೇಲೆ 2024ರಲ್ಲಿ ಅಮೆರಿಕ ಹಾಕಿದ್ದು ಇದೇ ತರದ ಸಬ್ಸಿಡಿ ವಿರೋಧಿ ಸುಂಕ.

ಆದರೆ ಒಬ್ಬರು ಹೋಗಿ ದೂರು ಕೊಟ್ಟರೆ ಆಗುವುದಿಲ್ಲ. ದೂರನ್ನು ಬೆಂಬಲಿಸುವವರ ಉತ್ಪಾದನೆ ದೇಶದ ಒಟ್ಟು ಉತ್ಪಾದನೆಯ ಕನಿಷ್ಠ ಶೇಕಡಾ 25 ಇರಬೇಕು. ಅಭಿಪ್ರಾಯ ಹೇಳಿದವರಲ್ಲಿ ವಿರೋಧಿಸುವವರಿಗಿಂತ ಬೆಂಬಲಿಸುವವರ ಪಾಲು ಜಾಸ್ತಿ ಇರಬೇಕು. ಉಕ್ಕಿನ ಕಂಪನಿಗಳಿಗೆ ಇದು ಸುಲಭ, ನಾಲ್ಕು ಜನ ಒಂದು ಹೋಟೆಲಿನಲ್ಲಿ ಕೂತರೆ ಆಯಿತು. ಮೆಣಸಿಗೆ ಕೊಡಗು, ಚಿಕ್ಕಮಗಳೂರು, ಹಾಸನ, ವಯನಾಡು, ಇಡುಕ್ಕಿ ಎಲ್ಲ ಕಡೆಯ ಸಣ್ಣ ಬೆಳೆಗಾರರನ್ನು ಕೂಡಿಸಬೇಕು.

ಆಮೇಲೆ ಲೆಕ್ಕ. ಆಮದಿನಿಂದ ನಷ್ಟ ಆಯಿತು ಎಂದು ತೋರಿಸಲು ಕಿಲೋ ಮೆಣಸು ಬೆಳೆಯಲು ನಿಮಗೆ ಎಷ್ಟು ಖರ್ಚು ಎಂಬ ಪುಸ್ತಕ ಬೇಕು. ಒಂದು ವರ್ಷದ್ದು ಸಾಲದು, ಮೂರು ನಾಲ್ಕು ವರ್ಷದ್ದು ಇದ್ದರೆ ಒಳ್ಳೆಯದು.

ನಾಪೋಕ್ಲು ಬಳ್ಳಿ

ಪುಸ್ತಕ ಇದೆ. ರಾತ್ರಿ ತೆಗೆದು ಕೂತೆ. ಗೊಬ್ಬರದ ರಸೀದಿ ಇದೆ, ಆದರೆ ಅದು ಕಾಫಿಗೆ ಹಾಕಿದ್ದು. ಬಳ್ಳಿಯೂ ಅದನ್ನೇ ತಿಂದಿದೆ. ಎಷ್ಟು ತಿಂದಿದೆ ಎಂದು ಬರೆಯುವುದು ಹೇಗೆ? ಬೋರ್ಡೋ ಔಷಧಿ ಹೊಡೆದ ಕೂಲಿ ಇದೆ, ಅದೂ ಎರಡಕ್ಕೂ ಸೇರಿದ್ದು. ನನ್ನ ಮತ್ತು ಹೆಂಡತಿಯ ಕೂಲಿ ಎಲ್ಲೂ ಬರೆದಿಲ್ಲ. ಸ್ಪ್ರಿಂಕ್ಲರ್ ಡೀಸೆಲ್ ಕಾಫಿಯ ಪುಟದಲ್ಲಿದೆ.

ಸಿದ್ದಾಪುರ ಸಿಲ್ವರ್

ನನ್ನ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಮೆಣಸು "ಇತರೆ ಆದಾಯ" ಎಂದು ಒಂದೇ ಗೆರೆ. ಖರ್ಚಿನ ಪುಟವೇ ಇಲ್ಲ. ಆ ಪುಸ್ತಕ ನೋಡಿದರೆ ಮೆಣಸು ಆಕಾಶದಿಂದ ಬಿದ್ದ ಹಾಗಿದೆ. ಇದನ್ನು ದೆಹಲಿಗೆ ತಗೊಂಡು ಹೋದರೆ, ಖರ್ಚೇ ಇಲ್ಲದ ಮೇಲೆ ನಷ್ಟ ಎಲ್ಲಿ ಎಂದು ಕೇಳುತ್ತಾರೆ.

ಹಳೇ ಕಸ್ಟಮ್ಸ್

ಮೊದಲು ಬೇರೆ ಮಾಡಲು ಆಗುವುದನ್ನು ಬೇರೆ ಬರೆಯಿರಿ. ಏಣಿಯಿಂದ ಶುರು ಮಾಡಿ. ಕುಯ್ಲಿನ ಏಣಿ ಕೂಲಿ ಮೆಣಸಿಗೆ ಮಾತ್ರ ಅಲ್ವಾ?

ನಾಪೋಕ್ಲು ಬಳ್ಳಿ

ಅದು ಬರೆದಿಟ್ಟಿದ್ದೇನೆ ಸರ್. ನಾಲ್ಕು ವರ್ಷದ್ದೂ ಇದೆ, ಆಳಿನ ಹೆಸರು ಸಮೇತ. ಏಣಿ ಬಿದಿರಿನ ಖರ್ಚೂ ಅದೇ ಪುಟದಲ್ಲಿದೆ.

ಸುಂಟಿಕೊಪ್ಪದಕ್ಕ

ಏಣಿ ಬಿದಿರು ಹಾಕಬೇಡಿ ಅಣ್ಣ. ಮರ ಕಪಾತಿಗೂ ಅದೇ ಏಣಿ ಅಲ್ವಾ ನೀವು ಕಳಿಸುವುದು?